ನಡುಕದ ವಂಶ

ಕುಮಾಮೊಟೊ. ಫೆಬ್ರವರಿ. ಬೆಳಗಿನ ಆರೂಕಾಲು.
ಎರಡು ಬಾಗಿಲು ದಾಟಿ, ಗಾಳಿಯಲ್ಲಿ ಮಿಂದು,
ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಕೈಗೆ ಎರಡು ಜೊತೆ ಗ್ಲೌಸು.
ನನ್ನದೆಂದು ಹೊರಗೆ ಉಳಿಯುವುದು ಕಣ್ಣು ಮಾತ್ರ.

ಮೂರನೆಯ ಕಪಾಟು, ಕೆಳಸಾಲು, ನಾನೂರ ಹದಿನೇಳು:
ಇಪ್ಪತ್ತೆರಡು ತಿಂಗಳ ಮುದುಕ.
ಬೆನ್ನಿನ ಕೂದಲು ಉದುರಿದೆ.
ಮುಂಗಾಲೆರಡೂ ಸದಾ ನಡುಗುತ್ತವೆ,
ಕಾಣದ ಮೊರದಲ್ಲಿ
ಕಾಣದ ಕಾಳು ಕೇರುತ್ತಿರುವ ಹಾಗೆ.

ಈ ವಂಶದಲ್ಲಿ ಗಂಡೆಂದು ಉಳಿದವನು ಇವನೊಬ್ಬ.
ಹೋದ ವರ್ಷ ಒಬ್ಬಳಿಗೆ ನಾಲ್ಕು ಮರಿಯಾಗಿತ್ತು.
ಬೆಳಗಾಗುವುದರೊಳಗೆ ಮೂರನ್ನು ಅವಳೇ ತಿಂದಿದ್ದಳು,
ನಾಲ್ಕನೆಯದು ಹಾಲು ಕಾಣದೆ ಹೋಯಿತು.
ಬೈಯಲಾರೆ. ನಡುಗುವ ಕೈಯಲ್ಲಿ
ಎಳೆಕೂಸನ್ನು ಎತ್ತುವುದು ಹೇಗೆಂದು
ಅವಳಿಗೆ ಯಾರು ಹೇಳಿಕೊಟ್ಟಿದ್ದರು?
ಆಮೇಲೆ ಐದು ಹೆಣ್ಣು ಬಿಟ್ಟು ನೋಡಿದೆವು.
ಇವನು ಮೂಸಿದ, ಮೂಲೆಗೆ ಸರಿದ,
ಕಾಗದದ ಚೂರು ಹೊದ್ದು ಮಲಗಿದ.

"ಇನ್ನು ಇವನನ್ನು ಕೇಳುವುದು ಬೇಡ," ಎಂದರು ಕೊಮೊದಾ ಸೆನ್ಸೇ.
ಕೇಳದೆ ತೆಗೆದುಕೊಳ್ಳುವುದು ಎಂದು ಅದರ ಅರ್ಥ.

ಅಕ್ಕಿಕಾಳಿನಷ್ಟು ಗಂಟು, ಎಣ್ಣೆಯಡಿಯ ಹನಿಯಲ್ಲಿ ಒಂದು ಸಣ್ಣ ಕೊಯ್ತ.
ಮಂಜಿನ ಹಾಗೆ ಹೊರಬಂದದ್ದು
ಮಂಜಿನ ಹಾಗೇ ಸುಮ್ಮನಿತ್ತು.
ನೂರರಲ್ಲಿ ಮೂರೋ ನಾಲ್ಕೋ ಅಲುಗಿದವು,
ಈಜಲಿಕ್ಕಲ್ಲ, ಇದ್ದೇವೆ ಎನ್ನಲಿಕ್ಕೆ.
ಸಾಕು. ಬಾಲ ಕಳಚಿ ತಲೆಯನ್ನಷ್ಟೇ
ಗಾಜಿನ ಸೂಜಿಯಲ್ಲಿ ಹೀರಿ
ಮೊಟ್ಟೆಯ ಗೋಡೆಗೆ ಟಿಕ್ ಟಿಕ್ ಟಿಕ್,
ಒಳಗೆ ಬಿಟ್ಟು, ಉಸಿರು ಬಿಗಿಹಿಡಿದು, ಸೂಜಿ ಹಿಂದಕ್ಕೆ.
ನಲವತ್ತೊಂದು ಮೊಟ್ಟೆ. ಹದಿನಾಲ್ಕು ನನ್ನ ಕೈಯಲ್ಲೇ ಒಡೆದವು.
ಮಾರನೆಯ ದಿನ ಹತ್ತೊಂಬತ್ತು ಎರಡಾಗಿ ಸೀಳಿದ್ದವು,
ಜೋಡಿ ದ್ರಾಕ್ಷಿಯ ಹಾಗೆ, ದುಂಡಗೆ, ನಿರಾತಂಕವಾಗಿ.

ಒಂಬತ್ತನ್ನು ಹುಲ್ಲುಕಡ್ಡಿಯಷ್ಟು ನಳಿಗೆಯಲ್ಲಿ ಮುಚ್ಚಿ
ಸೊನ್ನೆಯಿಂದ ನೂರ ತೊಂಬತ್ತಾರು ಮೆಟ್ಟಿಲು ಕೆಳಗಿಳಿಸಿದೆವು.
ಅಲ್ಲಿ ಹಸಿವಿಲ್ಲ, ಮುಪ್ಪಿಲ್ಲ, ನಡುಕವೂ ಇಲ್ಲ.
ಉಳಿದ ಹತ್ತಕ್ಕೆ ಒಬ್ಬ ಬಿಳಿ ತಾಯಿ.

ಹಿಂದಿನ ರಾತ್ರಿ ಅವಳ ಪಂಜರಕ್ಕೆ ಬಿಟ್ಟಿದ್ದ ಗಂಡಿನ ನಾಳವನ್ನು
ಬಹಳ ಹಿಂದೆಯೇ ಕತ್ತರಿಸಿ ಹೊಲಿದಿದ್ದೇವೆ.
ಅವನ ಕೂಟಕ್ಕೆ ಫಲವಿಲ್ಲ, ಆದರೂ ಅವಳ ಮೈ ನಂಬುತ್ತದೆ.
ನಂಬಿದ ಮೈ ಬಾಗಿಲು ತೆರೆದಿಡುತ್ತದೆ.
ಆ ನಂಬಿಕೆಯ ಒಳಕ್ಕೆ
ಪರರ ಮಕ್ಕಳನ್ನು ನೂಕಿ ಹೊಲಿಗೆ ಹಾಕಿದವಳು ನಾನು.

ನಾವು ಉಳಿಸುತ್ತಿರುವುದೇನು? ಇಲಿಯನ್ನಲ್ಲ.
ಇಲಿಗಳು ಬೇಕಾದಷ್ಟಿವೆ, ಮಾರುಕಟ್ಟೆಯ ಗಟಾರದಲ್ಲೂ.
ಉಳಿಸುತ್ತಿರುವುದು ನಡುಕವನ್ನು.
ಒಂದು ಅಕ್ಷರ ತಪ್ಪಿದ್ದನ್ನು
ತಪ್ಪಾಗಿಯೇ, ತಪ್ಪದೆ, ನಕಲು ಮಾಡುತ್ತಿದ್ದೇವೆ.
ಮಿಯಾಜಾಕಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು
ಸೂಪಿನ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದರೂ ಚೆಲ್ಲುತ್ತಾಳಂತೆ.
ಅವಳನ್ನು ನಾನು ನೋಡಿಲ್ಲ.
ಅವಳ ತಂದೆ ಹೊಸ ವರ್ಷಕ್ಕೆ ಕಾರ್ಡು ಕಳಿಸುತ್ತಾನೆ,
ಈ ಸಲದ ವಿಳಾಸ ಅವಳದೇ ಬರಹ,
ಪ್ರತಿ ಗೆರೆಯೂ ಹಲ್ಲುಹಲ್ಲಾಗಿದೆ.

ಕಳೆದ ಅಕ್ಟೋಬರಿನಲ್ಲಿ ಕಟ್ಟಡದ ಹಿಂದಿನ ಕರ್ಪೂರದ ಮರದಡಿ
ಕಲ್ಲಿಗೆ ಸೇವಂತಿಗೆ ಇಟ್ಟು ತಲೆಬಾಗಿದೆವು.
ಕಲ್ಲಿನ ಮೇಲೆ ಹೆಸರಿಲ್ಲ. ಎಷ್ಟೆಂದು ಕೆತ್ತುವುದು?
ಸೆನ್ಸೇ ಜೇಬಿನಿಂದ ಒಂದು ತುಂಡು ಇಲಿ ಆಹಾರ ತೆಗೆದು ಹೂವಿನ ಪಕ್ಕ ಇಟ್ಟರು.
ಯಾರೂ ನಗಲಿಲ್ಲ.

ಮಾರ್ಚಿಯಲ್ಲಿ ಮೂರು ಮರಿ.
ಬಿಳಿ ತಾಯಿಯ ಹೊಟ್ಟೆಗೆ ಅಂಟಿದ ಮೂರು ಕಪ್ಪು ಮಚ್ಚೆ.
ಅವಳು ನೆಕ್ಕಿದಳು, ಲೆಕ್ಕ ಕೇಳಲಿಲ್ಲ, ಬಣ್ಣವನ್ನೂ.

ತಂದೆಯ ನಡುಕ ಅರ್ಧ ಮಕ್ಕಳಿಗೆ ಬರಬಹುದು,
ಬಾರದೆಯೂ ಇರಬಹುದು. ಹದಿಮೂರನೆಯ ದಿನ ತಿಳಿಯುತ್ತದೆ.
ಮೊದಲನೆಯದು ಗಟ್ಟಿಮುಟ್ಟು. ಎರಡನೆಯದೂ.
ಎಲ್ಲ ಸರಿಯಿದೆ ಎಂದು ಎದೆ ಕುಸಿಯಿತು,
ಇಂಥ ಕೆಲಸ ನನ್ನದು.
ಮೂರನೆಯದನ್ನು ಅಂಗೈಗೆ ತೆಗೆದುಕೊಂಡೆ.
ಏನೋ ನಡುಗುತ್ತಿತ್ತು.
ಮರಿಯೋ, ಕೈಯೋ, ಹೇಳಲಾಗಲಿಲ್ಲ.

ಅದಕ್ಕೇ ಮರಿಯನ್ನು ಮೇಜಿನ ಮೇಲಿಟ್ಟು
ಎರಡೂ ಕೈ ಹಿಂದಕ್ಕೆ ಕಟ್ಟಿ
ಬಗ್ಗಿ ನೋಡಿದೆ.